ಬೆಳೆಗೆ ಹೊಡೆಯುವುದನ್ನು ‘ಔಷಧಿ’ ಅನ್ನಬಹುದೇ? ಕರಪತ್ರಕ್ಕೆ ಒಂದು ಪದ ಬೇಕು

ಹೊನ್ನಾರು (ಚರ್ಚೆ ಶುರು ಮಾಡಿದವರು)

ಸಿಂಪಡಣೆ ಮಾಡುವವರಿಗಾಗಿ ನಾಲ್ಕು ಪುಟದ ಕರಪತ್ರ ಸಿದ್ಧವಾಗುತ್ತಿದೆ. ಕರಡಿನ ಮೊದಲ ಸಾಲು: ‘ಔಷಧಿ ಹೊಡೆಯುವಾಗ ಕೈಗವಸು ಹಾಕಿಕೊಳ್ಳಿ.’ ಕರಡು ನೋಡಿದವರೊಬ್ಬರು ‘ಔಷಧಿ’ಗೆ ಗೆರೆ ಎಳೆದು ‘ವಿಷ’ ಎಂದು ತಿದ್ದಿದ್ದಾರೆ. ಇನ್ನೊಬ್ಬರು ಅದನ್ನೂ ಹೊಡೆದು ‘ಸಸ್ಯ ಸಂರಕ್ಷಣಾ ರಾಸಾಯನಿಕ’ ಎಂದು ಬರೆದಿದ್ದಾರೆ. ಅದನ್ನು ಓದಿ ಮುಗಿಸುವಷ್ಟರಲ್ಲಿ ಟ್ಯಾಂಕು ಖಾಲಿಯಾಗಿರುತ್ತದೆ. ‘ಔಷಧಿ’ ಅನ್ನುವ ಮಾತಿನಿಂದ ಹೊಲದಲ್ಲಿ ನಿಜವಾಗಿ ಏನಾದರೂ ಕೆಡುತ್ತದೆಯೇ, ಇಲ್ಲ ಇದು ಬರೆಯುವವರ ತಕರಾರು ಮಾತ್ರವೇ? ಕೆಡುವುದಾದರೆ ಬೀದರಿನಿಂದ ಪುತ್ತೂರಿನವರೆಗೆ ಸಲ್ಲುವ ಪದ ಯಾವುದು?

ಬೆಳೆಸಾಲು

ಕೆಡುತ್ತದೆ. ಎಲ್ಲೆಲ್ಲಿ ಅಂತ ಹೇಳುತ್ತೇನೆ.

ಔಷಧಿ ಅಂದ ಕೂಡಲೇ ತಲೆಗೆ ಬರುವುದು ಒಬ್ಬ ರೋಗಿ, ಒಂದು ಕಾಯಿಲೆ, ಕೊಟ್ಟರೆ ವಾಸಿ. ಇಲ್ಲಿ ರೋಗಿ ಗಿಡ. ಆದರೆ ಕೀಟನಾಶಕ ಗಿಡವನ್ನು ವಾಸಿ ಮಾಡುವುದಿಲ್ಲ, ಹುಳ ಕೊಲ್ಲುತ್ತದೆ ಅಷ್ಟೇ. ಹುಳ ತಿಂದ ಎಲೆ ಮತ್ತೆ ತುಂಬಿಕೊಳ್ಳುವುದಿಲ್ಲ. ಮೂರು ದಿನ ಬಿಟ್ಟು ನೋಡಿ ‘ಎಲೆ ಹಾಗೇ ಇದೆ, ಔಷಧಿ ಹಿಡೀಲಿಲ್ಲ’ ಎಂದು ಇನ್ನೊಂದು ಸಲ ಹೊಡೆಯುವುದು ಈ ತಪ್ಪು ತಿಳಿವಳಿಕೆಯಿಂದಲೇ. 2018ರಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದ ಕಡೆ ಕಂಡ ಫಾಲ್ ಸೈನಿಕ ಹುಳುವನ್ನೇ ತೆಗೆದುಕೊಳ್ಳಿ. ಮೆಕ್ಕೆಜೋಳದ ಹಳೇ ಎಲೆಯ ತೂತು ನೋಡಿದರೆ ಏನೂ ಗೊತ್ತಾಗದು. ಸುಳಿ ಬಿಡಿಸಿ ಹಸಿ ಹಿಕ್ಕೆ ಇದೆಯೇ ನೋಡಬೇಕು. ಹಿಕ್ಕೆ ಒಣಗಿದ್ದು ಹೊಸ ಎಲೆ ತೂತಿಲ್ಲದೆ ಬರುತ್ತಿದ್ದರೆ ಕೆಲಸ ಆಗಿದೆ, ಪಂಪು ಕೆಳಗಿಡಿ.

ಇನ್ನು ಪ್ರಮಾಣ. ಜ್ವರಕ್ಕೆ ಒಂದು ಮಾತ್ರೆ ಸಾಲದಿದ್ದರೆ ಎರಡು ನುಂಗುವ ಬುದ್ಧಿಯೇ ಇಲ್ಲೂ ಓಡುತ್ತದೆ. ಹಳೆಯ ಕ್ಲೋರ್‌ಪೈರಿಫಾಸ್ 20 ಇಸಿ (ಅಂಕಿ ಶೇಕಡಾ ಸತ್ವ, ಅಕ್ಷರ ಅದರ ರೂಪ) ಲೀಟರಿಗೆ 2 ಮಿ.ಲೀ., ಅಂದರೆ 16 ಲೀಟರಿನ ಟ್ಯಾಂಕಿಗೆ 32 ಮಿ.ಲೀ. ಆ ಅಳತೆ ಕೈಗೆ ಅಭ್ಯಾಸವಾಗಿಬಿಟ್ಟಿದೆ. ಈಗ ಬಂದಿರುವವುಗಳ ಲೆಕ್ಕವೇ ಬೇರೆ. ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಲೀಟರಿಗೆ 0.3 ಮಿ.ಲೀ. ಆದರೆ ಟ್ಯಾಂಕಿಗೆ ಬರೀ 5 ಮಿ.ಲೀ. ಸೈನಿಕ ಹುಳುವಿಗೆ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಲೀಟರಿಗೆ 0.4 ಗ್ರಾಂ, ಟ್ಯಾಂಕಿಗೆ 6.4 ಗ್ರಾಂ, 100 ಗ್ರಾಂ ಪೊಟ್ಟಣ ಸುಮಾರು 15 ಟ್ಯಾಂಕಿಗೆ ಬರಬೇಕು. ಆರೇಳು ಟ್ಯಾಂಕಿಗೇ ಮುಗಿದರೆ ದುಪ್ಪಟ್ಟು ಹಾಕಿದ್ದೀರಿ ಅಂತಲೇ ಅರ್ಥ. ಮುಚ್ಚಳದಲ್ಲಿ ಅಳೆಯಬೇಡಿ, ಒಂದೊಂದು ಬಾಟಲಿಯ ಮುಚ್ಚಳ ಒಂದೊಂದು ಗಾತ್ರ ಇರುತ್ತದೆ. ಸೂಜಿ ತೆಗೆದ 10 ಮಿ.ಲೀ. ಸಿರಿಂಜ್ ಒಂದನ್ನು ಪಂಪಿಗೇ ಕಟ್ಟಿಡಿ, ಮನೆಯೊಳಗೆ ತರಬೇಡಿ.

ಮೂರನೆಯದು ಹೊಡೆದ ಮೇಲೆ ಕೀಳುವವರೆಗೆ ಕಾಯುವ ದಿನ. ಔಷಧಿ ಬಿದ್ದ ಕಾಯಿ ತಿಂದರೆ ಏನಾದೀತು ಅನ್ನುವ ಧೋರಣೆ. ಪೊಟ್ಟಣದೊಳಗಿನ ಚೀಟಿಯ ಕೋಷ್ಟಕದಲ್ಲಿ ಕೊನೆಯ ಕಂಬಸಾಲು ನೋಡಿ: ಅದೇ ಎಮಾಮೆಕ್ಟಿನ್‌ಗೆ ಮೆಣಸಿನಕಾಯಿಗೆ 3 ದಿನ, ಬೆಂಡೆಗೆ 5, ತೊಗರಿಗೆ 14. ಒಂದೇ ಪೊಟ್ಟಣ, ಬೆಳೆ ಬದಲಾದರೆ ದಿನ ಬದಲು. ಬೆಂಡೆ ದಿನ ಬಿಟ್ಟು ದಿನ ಕೀಳುವ ಬೆಳೆ. ಹಾಗಾಗಿ ಮೊದಲು ಬಲಿತದ್ದನ್ನೆಲ್ಲ ಕಿತ್ತು ಆಮೇಲೆ ಹೊಡೆಯಬೇಕು. ನಡುವೆ ಬಲಿಯುವುದನ್ನು ಮಾರುಕಟ್ಟೆಗೆ ಕಳಿಸುವಂತಿಲ್ಲ.

ಎರಿಹೊಲ

ಬೆಳೆಸಾಲು ಸರ, ನೀವು ಹೇಳೂದು ಖರೆ, ಆದ್ರ ನಮ್ಮ ಕಡೆ ಔಷಧಿ ಅನ್ನೂದ ಕಡಿಮಿ. ಹಾವೇರಿ, ಧಾರವಾಡ, ರಾಯಚೂರು ಕಡೆ ‘ಎಣ್ಣಿ ಹೊಡ್ಯೂದು’. ಹತ್ತಿಗೆ ಎಣ್ಣಿ, ಮೆಣಸಿನಗಿಡಕ್ಕ ಎಣ್ಣಿ. ಎಣ್ಣಿ ಅಂದ್ರ ಅಡಗಿ ಮನ್ಯಾಗ ಇರೂದು, ತಲಿಗೆ ಹಚ್ಚೂದು. ಕೈಗೆ ಬಿದ್ರ ಒರಸ್ಕೊಂಡು ಬಿಡ್ತಾರ, ತೊಳ್ಯೂದಿಲ್ಲ. ಇಸಿ ಅಂತ ಬರದಿರೂ ಬಾಟಲಿ ಒಳಗ ಇರೂದು ದ್ರಾವಕದಾಗ ಕರಗಿಸಿದ್ದು, ಅದು ನೀರಿನಕಿಂತ ಜಲ್ದಿ ಚರ್ಮದೊಳಗ ಇಳೀತದ. ಗಟ್ಟಿ ಬಾಟಲಿಯಿಂದ ಅಳದು ಹಾಕೂ ಹೊತ್ತಿನಾಗ ಕೈಗೆ ಚೆಲ್ಲಿದ್ದು, ದಿನಾ ಹೊಡ್ಯೂ ತುಂತುರಕಿಂತ ಭಾಳ ಕೆಟ್ಟದ್ದು. ಕರಪತ್ರದಾಗ ‘ಹೊಡೆಯುವಾಗ ಕೈಗವಸು’ ಅಂತ ಬರದ್ರ ಸಾಲೂದಿಲ್ರಿ. ‘ಕಲಸುವಾಗ ಕೈಗವಸು’ ಅಂತ ಮೊದಲ ಬರೀರಿ.

ಕೊಟ್ಟೆಮನೆ

ಎರಿಹೊಲದವರು ಹೇಳಿದ್ದು ಸರಿ. ಕರಾವಳಿಯಲ್ಲಿ ‘ಮದ್ದು ಬಿಡುವುದು’, ಮಲೆನಾಡಲ್ಲಿ ‘ಔಷಧಿ ಹೊಡೆಯುವುದು’. ಮಳೆಗಾಲದಲ್ಲಿ ಅಡಿಕೆಯವರು ಈ ಮಾತು ಆಡಿದರೆ ಅದು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವೇ, ಬೇರೆ ಅಲ್ಲ. ಇಲ್ಲಿ ‘ಔಷಧಿ’ ಮಾಡುವ ಹಾನಿ ಪ್ರಮಾಣದ್ದಲ್ಲ, ಹೊತ್ತಿನದ್ದು.

ಔಷಧಿ ಅಂದರೆ ಕಾಯಿಲೆ ಬಂದ ಮೇಲೆ ಕೊಡುವುದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹಾಗಲ್ಲ. ಆ ರೋಗ ತರುವ ಫೈಟಾಫ್ತೊರಾದ ಬೀಜಕ ಕಾಯಿಯ ಮೇಲೆ ಕೂತು ಮೊಳೆಯುವ ಮೊದಲೇ ತಾಮ್ರದ ಪದರ ಅಲ್ಲಿರಬೇಕು. ಒಳಗೆ ಇಳಿದ ರೋಗವನ್ನು ಅದು ಮುಟ್ಟುವುದೂ ಇಲ್ಲ. ಹಿಂದೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರಲ್ಲ, ಅದನ್ನು ಯಾರೂ ಔಷಧಿ ಅನ್ನುತ್ತಿರಲಿಲ್ಲ. ಮಳೆಗೆ ಮುಂಚೆಯೇ ಕಟ್ಟುತ್ತಿದ್ದರು. ಬೋರ್ಡೋ ಆ ಕೊಟ್ಟೆಯ ಜಾಗಕ್ಕೆ ಬಂದದ್ದು, ಹೆಸರು ಮಾತ್ರ ಡಾಕ್ಟರ ಚೀಟಿಯಿಂದ ಬಂತು. ಅದಕ್ಕೇ ಕಾಯಿ ಉದುರುವುದು ಕಂಡ ಮೇಲೆ ಮರ ಹತ್ತಿ ಹೊಡೆಯುವ ಕೊನೆಗೌಡನನ್ನು ಹುಡುಕುತ್ತಾ ಓಡುವುದು. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ಮೇ ಕೊನೆಯಿಂದ ಜೂನ್ ಮೊದಲ ವಾರದೊಳಗೆ ಮುಗಿಯಬೇಕು. ಎರಡನೆಯದು 40–45 ದಿನಕ್ಕೆ. ಮಳೆ ಮುಂದುವರಿದರೆ ಮೂರನೆಯದು.

ಕರಪತ್ರಕ್ಕೆ ಬೇಕಾದರೆ ವಿಧಾನ: ಶೇ. 1ರ ದ್ರಾವಣಕ್ಕೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. 50 ಲೀಟರಿನಲ್ಲಿ ತುತ್ತ, ಇನ್ನೊಂದು 50 ಲೀಟರಿನಲ್ಲಿ ಸುಣ್ಣ, ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಸುಣ್ಣವನ್ನು ಸೋಸಿಕೊಂಡು, ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯಬೇಕು. ತಿರುಗಾ ಮುರುಗಾ ಹೊಯ್ದರೆ ಹಿಟ್ಟು ದಪ್ಪಗಾಗಿ ತಳ ಸೇರುತ್ತದೆ, ನಾಜಲ್ ಕಟ್ಟುತ್ತದೆ. ಹೊಳೆಯುವಂತೆ ತಿಕ್ಕಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಬಣ್ಣ ಹಿಡಿದರೆ ತಾಮ್ರ ಬಿಡಿಯಾಗಿದೆ, ಎಳೆಕಾಯಿ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಪಿಎಚ್ ಕಾಗದ ಇದ್ದರೆ 7ಕ್ಕೆ ನಿಲ್ಲಿಸಿ. ಅಂದು ಮಾಡಿದ್ದು ಅಂದೇ ಮುಗಿಯಬೇಕು. ಕಬ್ಬಿಣದ ಪಾತ್ರೆ ಬೇಡ.

ದಿಟ_ನುಡಿ

ಎಲ್ಲಾ ಸರಿ. ಆದರೆ ಪದಕ್ಕೆ ಇಷ್ಟು ಭಾರ ಹೊರಿಸುವುದು ಜಾಸ್ತಿ ಆಯ್ತು ಅನಿಸುತ್ತದೆ. ರೈತರು ದುಪ್ಪಟ್ಟು ಹಾಕುವುದು ಅಂಗಡಿಯವರು ಹೇಳಿದ್ದಕ್ಕೆ. ಅಂಗಡಿಯಲ್ಲಿ ಉದ್ರಿ ಇರುತ್ತದೆ, ಕೊಟ್ಟದ್ದನ್ನು ತರಬೇಕು. ಚೀಟಿಯ ಅಕ್ಷರ ಇರುವೆ ಸಾಲಿನಷ್ಟು. ಏಪ್ರಿಲ್ ಬಿಸಿಲಲ್ಲಿ ರಬ್ಬರ್ ಕೋಟು ಹಾಕಿದರೆ ಹೊಡೆಯುವವನೇ ಬೀಳುತ್ತಾನೆ. ಪದ ಬದಲಾಯಿಸಿದರೆ ಇದರಲ್ಲಿ ಯಾವುದು ಸರಿಹೋಗುತ್ತದೆ?

ಬೆಳೆಸಾಲು

ಅರ್ಧ ಒಪ್ಪಿದೆ. ಉದ್ರಿ ಪದದಿಂದ ಬಂದಿಲ್ಲ, ಪದದಿಂದ ಹೋಗುವುದೂ ಇಲ್ಲ. ಆದರೆ ಅಂಗಡಿಯಲ್ಲಿ ನಡೆಯುವ ಮಾತನ್ನೇ ಗಮನಿಸಿ. ‘ಮೆಣಸಿನ ಗಿಡಕ್ಕೆ ರೋಗ ಬಂದಿದೆ, ಔಷಧಿ ಕೊಡಿ.’ ಇದೇ ಮಾತನ್ನು ‘ಎಲೆ ಅಡಿ ಇಂಥ ಹುಳ ಇದೆ, ಅದನ್ನು ಕೊಲ್ಲುವುದು ಕೊಡಿ’ ಅಂದರೆ ಅಂಗಡಿಯವನು ಬೇರೆ ಕಪಾಟಿಗೆ ಕೈ ಹಾಕಬೇಕಾಗುತ್ತದೆ. ‘ಔಷಧಿ’ಯ ಜೋಡಿ ‘ರೋಗ’. ಒಂದು ಬಂದರೆ ಇನ್ನೊಂದು ಬರುತ್ತದೆ. ಹುಳ, ನುಸಿ, ಬೂಷ್ಟು, ದುಂಡಾಣು (ಬ್ಯಾಕ್ಟೀರಿಯಾ), ನಂಜಾಣು (ವೈರಸ್), ಸತುವಿನ ಕೊರತೆ ಎಲ್ಲಾ ಒಂದೇ ‘ರೋಗ’.

ಮೆಣಸಿನ ಎಲೆ ಮುಟುರು ರೋಗ ಅಂತ ಕರೆಯುವುದು ಮೂರು ಬೇರೆ ಬೇರೆ ಸಂಗತಿಗಳನ್ನು. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಾಗಿದ್ದರೆ ಥ್ರಿಪ್ಸ್. ಕೆಳಕ್ಕೆ ಮಡಚಿ, ಎಲೆ ಕಿರಿದಾಗಿ ತೊಟ್ಟು ಉದ್ದವಾಗಿದ್ದರೆ ಮೈಟ್. ಎಲೆ ಸಣ್ಣಗಾಗಿ, ನರ ದಪ್ಪವಾಗಿ, ಗಿಡ ಗುಜ್ಜಾಗಿದ್ದರೆ ಬಿಳಿನೊಣ ತಂದ ನಂಜಾಣು. ಸಾಲದ್ದಕ್ಕೆ ನಮ್ಮ ಕನ್ನಡದ ಕೃಷಿ ಪುಸ್ತಿಕೆಗಳಲ್ಲಿ ಮೊದಲಿನ ಎರಡಕ್ಕೂ ‘ನುಸಿ’ಯೇ: ಥ್ರಿಪ್ಸ್ ನುಸಿ, ಮೈಟ್ ನುಸಿ. ಒಂದಕ್ಕೆ ಆರು ಕಾಲು, ಇನ್ನೊಂದಕ್ಕೆ ಎಂಟು. ಥ್ರಿಪ್ಸಿಗೆ ಕೊಡುವ ಇಮಿಡಾಕ್ಲೋಪ್ರಿಡ್ ಮೈಟಿಗೆ ತಾಗುವುದಿಲ್ಲ. ಮೈಟಿಗೆ ನೀರಿನಲ್ಲಿ ಕಲಸುವ ಗಂಧಕ 80 ಡಬ್ಲ್ಯುಪಿ ಲೀಟರಿಗೆ 2–3 ಗ್ರಾಂ ಸಾಕು, ಸುಡು ಬಿಸಿಲಲ್ಲಿ ಹೊಡೆಯಬಾರದು ಅಷ್ಟೇ. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಹುಳನಾಶಕ ಹೊಡೆದರೆ ಮೈಟ್ ತಿನ್ನುವ ಒಳ್ಳೇ ಹುಳ ಸತ್ತು ಮೈಟ್ ಹೆಚ್ಚುತ್ತದೆ. ನಂಜಾಣುವಿಗಂತೂ ಯಾವ ಅಂಗಡಿಯಲ್ಲೂ ಏನೂ ಇಲ್ಲ, ಗಿಡ ಕಿತ್ತು ಹೂಳಬೇಕು. ಆದರೆ ‘ರೋಗ’ ಅಂದ ಮೇಲೆ ‘ಔಷಧಿ ಇಲ್ಲ’ ಅನ್ನುವುದನ್ನು ಕೇಳಲು ಯಾರೂ ಸಿದ್ಧರಿರುವುದಿಲ್ಲ. ಎಡವಟ್ಟು ಇಲ್ಲಿದೆ.

ಪರೀಕ್ಷೆ ಸುಲಭ: ಬಿಳಿ ಹಾಳೆಯ ಮೇಲೆ ಸುಳಿಯನ್ನು ನಾಲ್ಕು ಸಲ ತಟ್ಟಿ. ಸಣ್ಣ ಕಡ್ಡಿಯಂಥವು ಓಡಿದರೆ ಥ್ರಿಪ್ಸ್. ಮೈಟ್ ನೋಡಲು 10 ಪಟ್ಟಿನ ಭೂತಗನ್ನಡಿ ಬೇಕು, ಎಲೆಯ ಅಡಿ ನೋಡಬೇಕು.

ಎರಿಹೊಲ

2021–22ರಾಗ ಕರಿ ಥ್ರಿಪ್ಸ್ ಬಂದಾಗ ಇದ ಆಗಿದ್ದು. ಅದು ಹೂವಿನೊಳಗ ಕುಂದರತದ. ಒಂದ ಎಣ್ಣಿ ಹತ್ಲಿಲ್ಲ ಅಂತ ಇನ್ನೊಂದು, ಆಮ್ಯಾಲ ಎರಡೂ ಕೂಡಿಸಿ ಮತ್ತೊಂದು. ಹೆಸರು ಬ್ಯಾರೆ ಬ್ಯಾರೆ, ಒಳಗಿನ ಮಾಲು ಒಂದ. ಇಮಿಡಾಕ್ಲೋಪ್ರಿಡ್, ಥಯಾಮೆಥೋಕ್ಸಾಮ್, ಅಸಿಟಾಮಿಪ್ರಿಡ್ ಮೂರೂ ಒಂದ ಗುಂಪು, 4ಎ. ಹುಳ ಕೊಲ್ಲೂ ರೀತಿ ನೋಡಿ ಕೊಟ್ಟ ನಂಬರ ಅದು. ಕಂಪನಿ ಬದಲಿ ಮಾಡಿದ್ರ ಔಷಧ ಬದಲಿ ಮಾಡಿಧಾಂಗ ಅಲ್ಲ. ಗುಂಪಿನ ನಂಬರ ಬದಲಿ ಆಗಬೇಕು.

ತುರ್ತುವಾರ್ಡು

ಆಸ್ಪತ್ರೆ ಕಡೆಯಿಂದ ಎರಡು ಮಾತು. ‘ಮಗು ಔಷಧಿ ಕುಡಿದುಬಿಟ್ಟಿದೆ’ ಎಂದು ಫೋನ್ ಬಂದರೆ ಕೇಳಿದವರು ಮೊದಲು ಎಣಿಸುವುದು ಕೆಮ್ಮಿನ ಸಿರಪ್ಪು, ಅಜ್ಜಿಯ ಬಿಪಿ ಮಾತ್ರೆ. ‘ಮನುಷ್ಯರದ್ದೋ, ಬೆಳೆಯದ್ದೋ’ ಎಂದು ಕೇಳುವಷ್ಟರಲ್ಲಿ ಹೊತ್ತು ಹೋಗಿರುತ್ತದೆ. ಬೆಳೆಯದ್ದು ಅಂದ ಮೇಲೂ ಒಳಗೆ ಏನಿತ್ತು ಎಂದು ಗೊತ್ತಾಗಬೇಕು, ಏಕೆಂದರೆ ಚಿಕಿತ್ಸೆ ಒಂದೇ ಅಲ್ಲ. ಆರ್ಗ್ಯಾನೋಫಾಸ್ಫೇಟ್ (ಕ್ಲೋರ್‌ಪೈರಿಫಾಸ್‌ನಂಥ ಹುಳನಾಶಕ) ಆದರೆ ಪ್ರತಿವಿಷ ಅಟ್ರೋಪಿನ್. ಪ್ಯಾರಾಕ್ವಾಟ್ ಕಳೆನಾಶಕ ಆದರೆ ಪ್ರತಿವಿಷವೇ ಇಲ್ಲ. ಸುಮ್ಮಸುಮ್ಮನೆ ಆಮ್ಲಜನಕ ಕೊಟ್ಟರೂ ಶ್ವಾಸಕೋಶಕ್ಕೆ ಕೇಡು. ಊರಲ್ಲಿ ಎರಡನ್ನೂ ‘ಔಷಧಿ’ ಅಂತಲೇ ಅನ್ನುತ್ತಾರೆ, ಹೆಚ್ಚೆಂದರೆ ‘ಹುಲ್ಲಿನ ಔಷಧಿ’. ಬಾಟಲಿಯನ್ನೇ ಚೀಲದಲ್ಲಿ ಸುತ್ತಿ ತನ್ನಿ, ಆಗದಿದ್ದರೆ ಲೇಬಲಿನ ಫೋಟೊ. ವಾಂತಿ ಮಾಡಿಸಲು ಹೋಗಬೇಡಿ: ಇಸಿ ರೂಪದ ದ್ರಾವಕ ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ಅನಾಹುತ. ಬಟ್ಟೆ ಬಿಚ್ಚಿಸಿ, ಸೋಪು ನೀರಿನಲ್ಲಿ 15 ನಿಮಿಷ ತೊಳೆಯಿರಿ. ತೊಳೆಯುವವರ ಕೈಗೂ ಗವಸು ಬೇಕು. ಆಂಬುಲೆನ್ಸಿಗೆ 108. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರ 1800 116 117, ವೈದ್ಯರೂ ಅಲ್ಲಿಗೆ ಕೇಳಬಹುದು.

ಇನ್ನೊಂದು. ಹೊಡೆದು ಬಂದವರಿಗೆ ತಲೆಸುತ್ತು, ಬೆವರು, ಬಾಯಲ್ಲಿ ನೀರು, ವಾಂತಿ ಆದರೆ ‘ಬಿಸಿಲು ಬಡಿದಿದೆ’ ಎಂದು ಮಜ್ಜಿಗೆ ಕುಡಿಸಿ ಮಲಗಿಸುತ್ತಾರೆ. ಔಷಧಿಯಿಂದ ಕಾಯಿಲೆ ಬರುತ್ತದೆ ಎಂದು ಯಾರಿಗೂ ತೋಚುವುದಿಲ್ಲ. ಕಣ್ಣು ನೋಡಿ. ಪಾಪೆ ಸೂಜಿಮೊನೆಯಷ್ಟಾಗಿ, ಮಾಂಸಖಂಡ ಅದುರುತ್ತಿದ್ದರೆ ಅದು ಬಿಸಿಲಲ್ಲ.

ಹೊನ್ನಾರು

ಹಾಗಾದರೆ ‘ವಿಷ’ ಅಂತಲೇ ಹಾಕಿಬಿಡೋಣವೇ?

ನಿಘಂಟು_ಮೂಲೆ

ಬೇಡ ಅನ್ನುತ್ತೇನೆ. ಕನ್ನಡದಲ್ಲಿ ‘ವಿಷ’ಕ್ಕೆ ಯಾವಾಗಲೂ ಒಬ್ಬ ಕರ್ತೃ ಇರುತ್ತಾನೆ. ಯಾರೋ ಹಾಕಿದರು, ಯಾರೋ ಕುಡಿದರು, ಯಾರೋ ಬೆರೆಸಿದರು. ‘ಅವರ ಹೊಲಕ್ಕೆ ವಿಷ ಹಾಕಿದರು’ ಎಂದರೆ ದಾಯಾದಿ ಜಗಳದ ಸುದ್ದಿ. ಸಿಂಪಡಣೆ ಅಂತ ಯಾರಿಗೂ ಕೇಳಿಸುವುದಿಲ್ಲ. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದಕ್ಕೆ ಮೊನೊಕ್ರೊಟೊಫಾಸ್ ಎಂಬ ಹುಳನಾಶಕ ಬೆರೆಸಿ 17 ಜನ ಸತ್ತರು. ಪತ್ರಿಕೆಗಳು ‘ವಿಷ ಪ್ರಸಾದ’ ಎಂದು ಬರೆದವು, ಸರಿಯಾಗಿಯೇ ಬರೆದವು. ಅದೇ ಮೊನೊಕ್ರೊಟೊಫಾಸ್ ಅಂಗಡಿಯ ಕಪಾಟಿನಲ್ಲಿದ್ದಾಗ ‘ಔಷಧಿ’. ವಸ್ತು ಬದಲಾಗಲಿಲ್ಲ, ಉದ್ದೇಶ ಬದಲಾದಾಗ ಹೆಸರು ಬದಲಾಯಿತು. (ತರಕಾರಿಗೆ ಅದನ್ನು 2005ರಲ್ಲೇ ನಿಷೇಧಿಸಿದ್ದರು, 36 ಎಸ್‌ಎಲ್ ರೂಪಕ್ಕೆ 2023ರಲ್ಲಿ ನಿಷೇಧದ ಆದೇಶ ಬಂತು.) ಈ ನುಡಿ ನಮ್ಮಲ್ಲಿ ಇಷ್ಟು ಆಳವಾಗಿರುವಾಗ ರೈತರ ಕೈಗೆ ‘ನೀವು ವಿಷ ಹಾಕುವಾಗ’ ಎಂಬ ಕರಪತ್ರ ಕೊಟ್ಟರೆ ಅದು ಆರೋಪಪಟ್ಟಿಯಾಗಿ ಕೇಳಿಸುತ್ತದೆ. ಮಡಚಿ ಜೇಬಿಗೆ ಹಾಕುತ್ತಾರೆ.

‘ವಿಷ’ದ ಇನ್ನೊಂದು ತೊಡಕು ‘ವಿಷಮುಕ್ತ’. ಅಂಗಡಿಯದು ವಿಷವಾದರೆ ಮನೆಯಲ್ಲಿ ಕುದಿಸಿದ್ದೆಲ್ಲ ಅಮೃತವಾಗುತ್ತದೆ. ತಂಬಾಕಿನ ಕಷಾಯದ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುತ್ತದೆ, ಬರಿಗೈಯಲ್ಲಿ ಹಿಂಡುತ್ತಾರೆ.

‘ಮದ್ದು’ ನನಗೆ ಇಷ್ಟದ ಪದ. ಅದರೊಳಗೆ ಎರಡೂ ಮುಖ ಇದೆ: ಕೆಮ್ಮಿಗೆ ಮದ್ದು, ಮದ್ದುಗುಂಡು, ‘ಮದ್ದು ಹಾಕಿದ್ದಾರೆ’ ಅನ್ನುವ ಗುಮಾನಿ. ವಾಸಿ ಮಾಡುವುದು ಕೊಲ್ಲಲೂ ಬಲ್ಲದು ಎಂಬುದನ್ನು ಆ ಪದ ಮರೆಸುವುದಿಲ್ಲ.

ಕೊಟ್ಟೆಮನೆ

ನಿಘಂಟಿನವರೇ, ಪದ ಚೆನ್ನಾಗಿದೆ, ಆದರೆ ಅದೂ ಕಾಪಾಡಲಿಲ್ಲ. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಹುಳನಾಶಕ ಸುರಿದರು. ಊರಲ್ಲಿ ಅದಕ್ಕೂ ‘ಮದ್ದು’ ಅಂತಲೇ ಹೆಸರು. ಸುಪ್ರೀಂ ಕೋರ್ಟ್ ತಡೆದದ್ದು 2011ರ ಮೇ 13ಕ್ಕೆ. ಈಗ ಅಲ್ಲಿ ಮದ್ದಿನ ಹೆಸರೇ ಕಾಯಿಲೆಯ ಹೆಸರಾಗಿದೆ, ‘ಎಂಡೋ ಸಂತ್ರಸ್ತರು’ ಅನ್ನುತ್ತಾರೆ.

ಜತೆಗೆ ಘಟ್ಟದ ಮೇಲಿನವರಿಗೆ ಮದ್ದು ಅಂದರೆ ಪಟಾಕಿ ನೆನಪಾದೀತು.

ದಿಟ_ನುಡಿ

ಕಾಯ್ದೆಯ ಪದ ‘ಕೀಟನಾಶಕ’. ಅದನ್ನೇ ಬಳಸಿದರೆ ಜಗಳವೇ ಇಲ್ಲವಲ್ಲ?

ಬೆಳೆಸಾಲು

1968ರ ಕೀಟನಾಶಕ ಕಾಯ್ದೆಯ ವ್ಯಾಖ್ಯೆಯಲ್ಲಿ ಶಿಲೀಂಧ್ರನಾಶಕ, ಕಳೆನಾಶಕ ಎಲ್ಲವೂ ‘ಕೀಟನಾಶಕ’ವೇ. ಲೈಸೆನ್ಸಿಗೆ ಅದು ಸರಿ. ಕರಪತ್ರಕ್ಕೆ ಬೇಡ, ಮತ್ತೆ ಎಲ್ಲವೂ ಒಂದೇ ರಾಶಿಯಾಗುತ್ತದೆ. ಕಳೆನಾಶಕ ಹೊಡೆದ ಪಂಪಿನಲ್ಲೇ ತೊಳೆಯದೆ ಟೊಮೆಟೊಗೆ ಹೊಡೆದು ಎಲೆ ಸುರುಟಿಕೊಳ್ಳುವುದು ಎಲ್ಲವೂ ‘ಔಷಧಿ ಪಂಪು’ ಆಗಿರುವುದರಿಂದಲೇ. 2,4-ಡಿ ಎಂಬ ಕಳೆನಾಶಕದ ಪಂಪನ್ನು ಬೇರೆಯೇ ಇಡಬೇಕು, ತೊಳೆದರೂ ನೆಚ್ಚುವಂತಿಲ್ಲ.

ನನ್ನ ಸಲಹೆ: ಕೊಲ್ಲುವುದು ಯಾವುದನ್ನು ಎಂಬುದು ಪದದಲ್ಲೇ ಇರಲಿ. ಹುಳನಾಶಕ, ಬೂಷ್ಟುನಾಶಕ, ಕಳೆನಾಶಕ. ಪಂಡಿತರು ಮೂಗು ಮುರಿದಾರು, ಮುರಿಯಲಿ. ತಲೆಬರಹದಲ್ಲಿ ಮಾತ್ರ ಊರಿನ ಮಾತು ಇರಲಿ, ಇಲ್ಲದಿದ್ದರೆ ಇದು ತಮಗೇ ಹೇಳಿದ್ದು ಅಂತ ಯಾರಿಗೂ ಅನಿಸದು. ದಕ್ಷಿಣಕ್ಕೆ ‘ಔಷಧಿ ಹೊಡೆಯುವ ಮುನ್ನ’, ಉತ್ತರಕ್ಕೆ ‘ಎಣ್ಣಿ ಹೊಡ್ಯೂ ಮೊದಲ’, ಕರಾವಳಿಗೆ ‘ಮದ್ದು ಬಿಡುವ ಮೊದಲು’. ಒಳಗಿನ ಸಾಲುಗಳಲ್ಲಿ ಆ ಪದ ಬೇಡ.

ತುರ್ತುವಾರ್ಡು

ಎಷ್ಟು ವಿಷ ಎಂದು ತೋರಿಸುವ ಲೇಬಲಿನ ಬಣ್ಣದ ತ್ರಿಕೋನವನ್ನೂ ಹಾಕಿ. ಕೆಂಪು, ಹಳದಿ, ನೀಲಿ, ಹಸಿರು. ಕೆಂಪು ಅತಿ ಹೆಚ್ಚು ವಿಷ, ತಲೆಬುರುಡೆ ಇರುತ್ತದೆ. ಆದರೆ ಬಣ್ಣದ ಮೇಲೂ ಭಾರ ಹಾಕಬೇಡಿ: ಪ್ಯಾರಾಕ್ವಾಟ್ ಹಳದಿಯಲ್ಲಿದೆ. ಹಸಿರು ಅಂದರೆ ಕುಡಿಯಬಹುದು ಅಂತಲೂ ಅಲ್ಲ, ಆ ಬಣ್ಣವೇ ನಮ್ಮಲ್ಲಿ ‘ಹೋಗಬಹುದು’ ಅನ್ನುತ್ತದೆ.

ನಿಘಂಟು_ಮೂಲೆ

ದಾಳಿಂಬೆಯವರು ಒಂದು ವಿಚಾರ ಕೇಳಿಯಾರು. ದುಂಡಾಣು ಅಂಗಮಾರಿ ರೋಗಕ್ಕೆ ಹೊಡೆಯುತ್ತಾ ಬಂದ 6 ಗ್ರಾಂ ಪೊಟ್ಟಣದಲ್ಲಿ ಇರುವುದು ಸ್ಟ್ರೆಪ್ಟೊಮೈಸಿನ್ 90, ಟೆಟ್ರಾಸೈಕ್ಲಿನ್ 10 ಪಾಲು. ಅದು ನಿಜವಾಗಿಯೂ ಮನುಷ್ಯರ ಔಷಧಿ. ಅದಕ್ಕೆ ಯಾವ ನಾಶಕ ಅನ್ನುತ್ತೀರಿ?

ಬೆಳೆಸಾಲು

ಅದಕ್ಕೆ ‘ಆಂಟಿಬಯಾಟಿಕ್’ ಅಂತಲೇ ಬರೆಯಿರಿ, ಆ ಪದದ ಭಯ ಅಲ್ಲಿ ಒಳ್ಳೆಯದೇ. ಅರ್ಧಂಬರ್ಧ ಪ್ರಮಾಣದಲ್ಲಿ ಪದೇ ಪದೇ ಹೊಡೆದರೆ ದುಂಡಾಣು ಒಗ್ಗಿಹೋಗುತ್ತದೆ. ಆಸ್ಪತ್ರೆಯಲ್ಲಿ ಕ್ಷಯಕ್ಕೆ ಬಳಸಿದ ಮದ್ದು ಅದು.

ಹೊನ್ನಾರು

ಸರಿ. ತಿದ್ದಿದ ಒಳಪುಟ ಹೀಗಿದೆ, ನೋಡಿ:

‘ಔಷಧಿ ಹೊಡೆಯುವ ಮುನ್ನ. ಇದು ಗಿಡಕ್ಕೆ ಕೊಡುವುದಲ್ಲ, ಹುಳಕ್ಕೆ ಕೊಡುವುದು. ಯಾವ ಹುಳ ಎಂದು ಮೊದಲು ನೋಡಿ. ಹುಳನಾಶಕ ಕಲಸುವಾಗಲೇ ಕೈಗವಸು ಹಾಕಿ. ಸಿರಿಂಜಿನಲ್ಲಿ ಅಳೆಯಿರಿ. ಖಾಲಿ ಬಾಟಲಿಗೆ ಕಾಲು ಭಾಗ ನೀರು ಹಾಕಿ ಕುಲುಕಿ ಟ್ಯಾಂಕಿಗೇ ಹೊಯ್ಯಿರಿ, ಹೀಗೆ ಮೂರು ಸಲ. ಆಮೇಲೆ ಬಾಟಲಿಗೆ ತೂತು ಮಾಡಿ. ಹೊಡೆದ ಬಟ್ಟೆಯನ್ನು ಮನೆಯವರ ಬಟ್ಟೆಯ ಜತೆ ನೆನೆಹಾಕಬೇಡಿ. ಎಷ್ಟು ದಿನ ಬಿಟ್ಟು ಕೀಳಬೇಕು ಎಂದು ಚೀಟಿಯಲ್ಲಿ ನೋಡಿ, ಬೇಲಿಗೆ ದಿನಾಂಕ ಬರೆದು ಕಟ್ಟಿ.’

ಎರಿಹೊಲ

ಛಲೋ ಆಗೇದ. ‘ಗಾಳಿ ಬೆನ್ನಿಗೆ ಇರಲಿ’ ಅನ್ನೂದು ಬಿಟ್ಟೀರಿ. ಗಾಳಿಗೆ ಅಡ್ಡ ನಡೀಬೇಕು, ಹೊಡದ ಸಾಲಿನಾಗ ಹೊಳ್ಳಿ ಕಾಲಿಡಬಾರದು ಅಂತ ಸೇರಸ್ರಿ. ಮತ್ತ ನಾಜಲ್ ಕಟ್ಟಿದ್ರ ಬಾಯಿಂದ ಊದಬ್ಯಾಡ್ರಿ ಅಂತ ದಪ್ಪ ಅಕ್ಷರದಾಗ ಹಾಕ್ರಿ. ಹಳೇ ಹಲ್ಲುಜ್ಜೂ ಬ್ರಷ್ ಒಂದು ಪಂಪಿನ ಕೂಡ ಇಟ್ರ ಸಾಕು.

ಕೊಟ್ಟೆಮನೆ

ಬೋರ್ಡೋಗೆ ಬೇರೆ ಹಾಳೆ ಮಾಡಿ. ‘ಹುಳಕ್ಕೆ ಕೊಡುವುದು’ ಅಂದರೆ ಅಡಿಕೆಯವರು ಇದು ನಮಗಲ್ಲ ಅಂತ ತಿರುಗಿಸಿಡುತ್ತಾರೆ. ಅದರ ಮೇಲೆ ‘ಮಳೆಗೆ ಮೊದಲು’ ಅನ್ನುವ ಎರಡೇ ಪದ ದೊಡ್ಡದಾಗಿ ಇರಲಿ. ಕಪ್ಪು ಬಿಳುಪಿನಲ್ಲಿ ಮುದ್ರಿಸುವುದಾದರೆ ತ್ರಿಕೋನದ ಪಕ್ಕ ಬಣ್ಣದ ಹೆಸರನ್ನೂ ಬರೆಸಿ. ಜೆರಾಕ್ಸ್ ಆದಾಗ ನಾಲ್ಕೂ ಬೂದಿ ಬಣ್ಣಕ್ಕೆ ತಿರುಗುತ್ತವೆ.